ನಂಬರಿನ ಬೀಗ: ಗುಟ್ಟು ಯಾರ ಹತ್ತಿರ ಉಂಟು?



ಗಲ್ಫಿಗೆ ಹೋದವರು ಇಲ್ಲದ ಊರು ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಸಿಗುವುದು ಕಷ್ಟ. ನಿಮ್ಮ ಮಗ ಹೋಗಿರಬಹುದು. ಅಳಿಯ ಹೋಗಿರಬಹುದು. ಪಕ್ಕದ ಮನೆಯವರು ಹೋಗಿರಬಹುದು. ಹೋಗುವಾಗ ಒಂದು ಬ್ಯಾಗು ಬೇಕು. ಬ್ಯಾಗಿಗೆ ಒಂದು ಬೀಗ ಬೇಕು.

ನೀವು ಕುಂಬಳೆ ಪೇಟೆಗೆ ಹೋಗಿ ಒಂದು ಟ್ರಾಲಿ ಬ್ಯಾಗು ಕೊಂಡಿರಿ ಅಂತ ಇಟ್ಟುಕೊಳ್ಳಿ. ಅದರ ಬದಿಯಲ್ಲೇ ಒಂದು ಸಣ್ಣ ಬೀಗ ಉಂಟು. ಬೀಗದಲ್ಲಿ ಮೂರು ಪುಟ್ಟ ಚಕ್ರ. ಚಕ್ರದ ಮೇಲೆ ಅಂಕೆಗಳು. ಹತ್ತಿರದಲ್ಲೇ ಬೀಗದ ಕೈ ಹಾಕುವ ತೂತು ಕೂಡ ಉಂಟು. ಆದರೆ ಅಂಗಡಿಯವರು ಬೀಗದ ಕೈ ಕೊಡಲಿಲ್ಲ. ನೀವು ಕೇಳುತ್ತೀರಿ:

"ಅಣ್ಣಾ, ಇದಕ್ಕೆ ಬೀಗದ ಕೈ ಕೊಡಲೇ ಇಲ್ಲವಲ್ಲ?"

"ಇದಕ್ಕೆ ಕೈ ಬರುವುದಿಲ್ಲ ಅಕ್ಕ. ನಂಬರು ಹಾಕಿದರೆ ಸಾಕು."

"ಹಾಗಾದರೆ ಈ ತೂತು ಯಾಕೆ?"

"ಅದು ಏರ್‌ಪೋರ್ಟಿನವರಿಗೆ."

"ನನ್ನ ಬ್ಯಾಗಿನ ಕೈ ಅವರ ಹತ್ತಿರ ಯಾಕೆ?"

ಅಷ್ಟರಲ್ಲಿ ಬೇರೆ ಗಿರಾಕಿ ಬರುತ್ತಾರೆ. ಮಾತು ಅಲ್ಲಿಗೇ ನಿಲ್ಲುತ್ತದೆ. ಆದರೆ ನಿಮ್ಮ ಪ್ರಶ್ನೆ ಸರಿಯಾದ ಪ್ರಶ್ನೆಯೇ. ಇವತ್ತಿನ ಪಾಠದಲ್ಲಿ ಅದಕ್ಕೆ ಉತ್ತರ ನೋಡೋಣ.

ಬೀಗಕ್ಕೆ ಒಂದೊಂದು ಕಡೆ ಒಂದೊಂದು ಹೆಸರು. ನಾವು ಬೀಗ, ಬೀಗದ ಕೈ ಅನ್ನುತ್ತೇವೆ. ಬಡಗಣ ಕನ್ನಡದವರು ಕೀಲಿ ಅನ್ನುತ್ತಾರೆ. ನಮ್ಮ ಮಲಯಾಳಂ ನೆರೆಯವರು ಬೀಗಕ್ಕೆ ಪೂಟ್ಟ್, ಬೀಗದ ಕೈಗೆ ತಾಕ್ಕೋಲ್ ಅನ್ನುತ್ತಾರೆ. ಸೊಲ್ಲಾಪುರದ ಮರಾಠಿ ಮಾತಿನಲ್ಲಿ ಬೀಗ ಎಂದರೆ ಕುಲೂಪ್. ಆದೋನಿಯ ತೆಲುಗಿನಲ್ಲಿ ತಾಳಂ. ಹೆಸರು ಬೇರೆ, ಕೆಲಸ ಒಂದೇ.

ಬೀಗದ ಒಳಗೆ ಏನುಂಟು?

ನಂಬರಿನ ಬೀಗ ಹೊಸತು ಅಂತ ನಾವು ಎಣಿಸುತ್ತೇವೆ. ಆದರೆ ಅದು ಬಹಳ ಹಳೆಯದು. ಅಲ್ ಜಜರಿ ಎಂಬ ಕುಶಲಕರ್ಮಿ 1206ರಲ್ಲಿ ಯಂತ್ರಗಳ ಬಗ್ಗೆ ಒಂದು ದೊಡ್ಡ ಪುಸ್ತಕ ಬರೆದು ಮುಗಿಸಿದರು. ಅವರು ಇದ್ದದ್ದು ಈಗಿನ ಟರ್ಕಿ ದೇಶದ ದಿಯಾರ್‌ಬಕಿರ್ ಎಂಬ ಊರಿನಲ್ಲಿ. ಆ ಪುಸ್ತಕದಲ್ಲಿ ತಿರುಗುವ ಬಿಲ್ಲೆಗಳ ಬೀಗ ಮಾಡುವ ಕ್ರಮ ಉಂಟು. ಆಗ ಬಿಲ್ಲೆಯ ಮೇಲೆ ಅಂಕೆಯ ಬದಲು ಅಕ್ಷರ ಇತ್ತು. ಬೀಗ ತೆರೆಯಬೇಕಾದರೆ ಅಕ್ಷರ ಗೊತ್ತಿರಬೇಕು. ಎಂಟು ನೂರು ವರ್ಷದ ಹಿಂದೆಯೇ ಹೀಗೆ!

ಇದರ ಕೆಲಸ ಸುಲಭ. ಪ್ರತಿ ಚಕ್ರದಲ್ಲಿ ಒಂದು ಕಡೆ ಸ್ವಲ್ಪ ಕೊರೆದಿರುತ್ತಾರೆ. ಅದನ್ನು ಕಚ್ಚು ಅನ್ನೋಣ. ಬೀಗದ ಕೊಂಡಿಗೆ ಒಳಗಿನಿಂದ ಒಂದು ತಡೆ ಉಂಟು. ಮೂರು ಚಕ್ರದ ಮೂರು ಕಚ್ಚುಗಳೂ ಒಂದೇ ಸಾಲಿಗೆ ಬಂದರೆ ಮಾತ್ರ ಆ ತಡೆ ಸರಿಯುತ್ತದೆ. ಕೊಂಡಿ ಹೊರಗೆ ಬರುತ್ತದೆ. ಒಂದು ಚಕ್ರ ತಪ್ಪಿದರೂ ತಡೆ ಅಲ್ಲೇ ನಿಲ್ಲುತ್ತದೆ.

ಗದ್ದೆಗೆ ಹೋಗುವ ದಾರಿಯಲ್ಲಿ ಮೂರು ತಡಮೆ ಉಂಟು ಅಂತ ಎಣಿಸಿ. ಮೂರೂ ತೆರೆದರೆ ಮಾತ್ರ ದನ ಒಳಗೆ ಹೋಗುತ್ತದೆ. ಎರಡು ತೆರೆದು ಒಂದು ಮುಚ್ಚಿದ್ದರೆ ಹೋಗಲಾರದು. ಬೀಗವೂ ಹಾಗೆಯೇ.

ಎಷ್ಟು ನಂಬರು ಮಾಡಬಹುದು?

ಈಗ ಸ್ವಲ್ಪ ಲೆಕ್ಕ ಮಾಡೋಣ. ಹೆದರಬೇಡಿ, ಗುಣಾಕಾರ ಮಾತ್ರ.

ಒಂದು ಚಕ್ರದಲ್ಲಿ ಹತ್ತು ಅಂಕೆ: 0, 1, 2, 3, 4, 5, 6, 7, 8, 9.

ಒಂದು ಚಕ್ರ ಇದ್ದರೆ 10 ನಂಬರು.
ಎರಡು ಚಕ್ರ ಇದ್ದರೆ 10 × 10 = 100 ನಂಬರು.
ಮೂರು ಚಕ್ರ ಇದ್ದರೆ 10 × 10 × 10 = 1,000 ನಂಬರು.
ನಾಲ್ಕು ಚಕ್ರ ಇದ್ದರೆ 10,000 ನಂಬರು.

ಮೂರು ಚಕ್ರದ ಬೀಗದಲ್ಲಿ 000ದಿಂದ 999ರವರೆಗೆ ಒಟ್ಟು ಒಂದು ಸಾವಿರ ನಂಬರು. ಅದರಲ್ಲಿ ಒಂದು ಮಾತ್ರ ನಿಮ್ಮದು. ಕೇಳುವಾಗ ದೊಡ್ಡ ಸಂಖ್ಯೆ ಅನಿಸುತ್ತದೆ. ಆದರೆ ಒಬ್ಬ ಮನುಷ್ಯ ಕೂತು ಒಂದೊಂದೇ ನಂಬರು ಹಾಕಿ ನೋಡಿದರೆ? ಒಂದಕ್ಕೆ 3 ಸೆಕೆಂಡು ಹಿಡಿದರೆ 1,000ಕ್ಕೆ 3,000 ಸೆಕೆಂಡು. ಅಂದರೆ 50 ನಿಮಿಷ. ಒಂದು ಗಂಟೆಯೂ ಬೇಡ! ನಾಲ್ಕು ಚಕ್ರ ಇದ್ದರೆ ಅದೇ ಕೆಲಸಕ್ಕೆ ಎಂಟು ಗಂಟೆಗಿಂತ ಹೆಚ್ಚು ಬೇಕು.

ಎಟಿಎಂ ಕಾರ್ಡಿನ ಪಿನ್ ಕೂಡ ಸಾಮಾನ್ಯವಾಗಿ ನಾಲ್ಕು ಅಂಕೆ. ಆದರೆ ಅಲ್ಲಿ ಒಂದು ವ್ಯತ್ಯಾಸ ಉಂಟು. ಕೆಲವು ಸಲ ತಪ್ಪು ಪಿನ್ ಹಾಕಿದರೆ ಬ್ಯಾಂಕು ಕಾರ್ಡನ್ನು ತಡೆಯುತ್ತದೆ. ಬೀಗಕ್ಕೆ ಆ ಬುದ್ಧಿ ಇಲ್ಲ. ಸಾವಿರ ಸಲ ತಪ್ಪಿದರೂ ಅದು ಸುಮ್ಮನೆ ಇರುತ್ತದೆ. ಆದ್ದರಿಂದ ನಂಬರಿನ ಬೀಗ ಹಾಕಿದ ಬ್ಯಾಗನ್ನು ಗಂಟೆಗಟ್ಟಲೆ ಯಾರೂ ಇಲ್ಲದ ಜಾಗದಲ್ಲಿ ಬಿಡಬೇಡಿ.

ಅಂಕೆ ಓದುವಾಗ ಜಾಗ್ರತೆ

ನೀವು ಪಾಠದ ಪುಸ್ತಕದಲ್ಲಿ ಕನ್ನಡದ ಅಂಕೆ ಕಲಿತಿದ್ದೀರಿ. ಬೀಗದ ಮೇಲೆ ಇರುವುದು ಬಸ್ಸಿನ ಮೇಲೆ, ನೋಟಿನ ಮೇಲೆ ಇರುವ ಅಂಕೆ. ಎರಡನ್ನೂ ಹೊಂದಿಸಿ ನೋಡಿ:

೦ - 0, ೧ - 1, ೨ - 2, ೩ - 3, ೪ - 4
೫ - 5, ೬ - 6, ೭ - 7, ೮ - 8, ೯ - 9

ಎರಡು ಸಂಗತಿ ನೆನಪಿಡಿ. ಒಂದು, ಬೀಗವನ್ನು ತಲೆಕೆಳಗೆ ಹಿಡಿದರೆ 6 ಎಂಬುದು 9ರ ಹಾಗೆ ಕಾಣುತ್ತದೆ. 9 ಎಂಬುದು 6ರ ಹಾಗೆ ಕಾಣುತ್ತದೆ. ಬೇರೆ ಅಂಕೆಗಳು ನೆಟ್ಟಗೆ ಉಂಟೋ ಅಂತ ಮೊದಲು ನೋಡಿ. ಎರಡು, ಚಕ್ರದ ಬದಿಯಲ್ಲಿ ಒಂದು ಗೆರೆ ಅಥವಾ ಚುಕ್ಕಿ ಇರುತ್ತದೆ. ನಂಬರು ಆ ಗೆರೆಯ ಎದುರು ಸರಿಯಾಗಿ ನಿಲ್ಲಬೇಕು. ಸ್ವಲ್ಪ ಮೇಲೆ ಕೆಳಗೆ ಆದರೂ ಬೀಗ ತೆರೆಯುವುದಿಲ್ಲ. ಬೀಗ ಹಾಳಾಯಿತು ಅಂತ ತುಂಬಾ ಜನ ಎಣಿಸುತ್ತಾರೆ. ಹಾಳಾಗಿರುವುದಿಲ್ಲ, ಸಾಲು ತಪ್ಪಿರುತ್ತದೆ.

ಒಂದು ಬೀಗ, ಮೂರು ಬಗೆಯ ನಂಬರು

ಈಗ ಮುಖ್ಯ ವಿಷಯಕ್ಕೆ ಬರೋಣ. ಬೀಗದ ಮೇಲೆ ಕಾಣುವ ನಂಬರೆಲ್ಲ ಒಂದೇ ಅಲ್ಲ. ಅದರಲ್ಲಿ ಮೂರು ಬಗೆ ಉಂಟು.

ಮೊದಲನೆಯದು ತೆರೆಯುವ ನಂಬರು. ಚಕ್ರದಲ್ಲಿ ನಾವು ಹಾಕುವುದು ಇದು. ಇದು ಗುಟ್ಟು. ಬೀಗದ ಮೇಲೆ ಬರೆದಿರುವುದಿಲ್ಲ.

ಎರಡನೆಯದು ಕ್ರಮ ಸಂಖ್ಯೆ. ಇದಕ್ಕೆ ಸೀರಿಯಲ್ ನಂಬರು ಅನ್ನುತ್ತಾರೆ. ಕೆಲವು ಬೀಗಗಳ ಹಿಂಭಾಗದಲ್ಲಿ ಇದನ್ನು ಕೆತ್ತಿರುತ್ತಾರೆ. ಇದು ಆ ಬೀಗದ ಗುರುತು. ನಿಮ್ಮ ರೇಷನ್ ಕಾರ್ಡಿಗೆ ಒಂದು ನಂಬರು ಇಲ್ಲವೇ, ಹಾಗೆ.

ಮೂರನೆಯದು ಕೈಯ ನಂಬರು. ಯಾವ ಬೀಗದ ಕೈ ಈ ಬೀಗಕ್ಕೆ ಹೊಂದುತ್ತದೆ ಅಂತ ತಿಳಿಸುವ ಗುರುತು ಇದು. ನಿಮ್ಮ ಟ್ರಾಲಿ ಬ್ಯಾಗಿನ ತೂತಿನ ಹತ್ತಿರ ನೋಡಿ. ಟಿ, ಎಸ್, ಎ ಎಂಬ ಮೂರು ಇಂಗ್ಲಿಷ್ ಅಕ್ಷರ, ಅದರ ಮುಂದೆ 002 ಅಥವಾ 007 ಅಂತ ಇರಬಹುದು. ತುಂಬಾ ಜನ ಇದನ್ನೇ ತೆರೆಯುವ ನಂಬರು ಅಂತ ತಿಳಿದು ಚಕ್ರದಲ್ಲಿ 007 ಹಾಕುತ್ತಾರೆ. ಬೀಗ ತೆರೆಯುವುದಿಲ್ಲ. ಯಾಕೆಂದರೆ ಅದು ಚಕ್ರದ ನಂಬರು ಅಲ್ಲ. ಏಳನೆಯ ಬಗೆಯ ಕೈ ಈ ತೂತಿಗೆ ಹೊಂದುತ್ತದೆ ಅಂತ ಅದರ ಅರ್ಥ.

ಕ್ರಮ ಸಂಖ್ಯೆಯಿಂದ ಏನು ಪ್ರಯೋಜನ?

ಇದನ್ನು ತಿಳಿಯಲು ಅಮೆರಿಕದ ಶಾಲೆಗೆ ಹೋಗಿ ಬರೋಣ. ಅಲ್ಲಿ ಅನೇಕ ಶಾಲೆಗಳಲ್ಲಿ ಮಕ್ಕಳಿಗೆ ಒಂದೊಂದು ಸಣ್ಣ ಕಬ್ಬಿಣದ ಕಪಾಟು ಕೊಡುತ್ತಾರೆ. ಪುಸ್ತಕ, ಆಟದ ಬಟ್ಟೆ ಇಡಲು. ಅದಕ್ಕೆ ನಂಬರಿನ ಬೀಗ. ಈ ಬೀಗಗಳಿಗೆ ಹೆಸರಾದ ಒಂದು ಕಂಪನಿ ಮಾಸ್ಟರ್ ಲಾಕ್. ಇದನ್ನು ಹ್ಯಾರಿ ಸೊರೆಫ್ ಎಂಬವರು 1921ರಲ್ಲಿ ಮಿಲ್ವಾಕಿ ನಗರದಲ್ಲಿ ಶುರು ಮಾಡಿದರು.

ಶಾಲೆಯ ಬೀಗದಲ್ಲಿ ಮೂರು ಚಕ್ರ ಹೊರಗೆ ಕಾಣುವುದಿಲ್ಲ. ಗಡಿಯಾರದ ಹಾಗೆ ಒಂದೇ ದುಂಡು ಮುಖ. ಅದರಲ್ಲಿ 0ಯಿಂದ 39ರವರೆಗೆ ಗುರುತು. ಮೂರು ನಂಬರಿಗೆ ಬಲಕ್ಕೆ, ಎಡಕ್ಕೆ, ಪುನಃ ಬಲಕ್ಕೆ ತಿರುಗಿಸಬೇಕು. ಈ ಬೀಗದ ನಂಬರನ್ನು ಕಾರ್ಖಾನೆಯಲ್ಲೇ ಇಟ್ಟಿರುತ್ತಾರೆ. ಕೊಂಡವರು ಬದಲಿಸಲು ಆಗುವುದಿಲ್ಲ.

ಒಂದು ಶಾಲೆಯಲ್ಲಿ ಐನೂರು ಬೀಗ ಉಂಟು ಅಂತ ಎಣಿಸಿ. ಐನೂರೂ ನೋಡಲು ಒಂದೇ ತರಹ. ಯಾವ ಬೀಗಕ್ಕೆ ಯಾವ ನಂಬರು? ಅದಕ್ಕೆ ಕಚೇರಿಯಲ್ಲಿ ಒಂದು ದಾಖಲೆ ಪುಸ್ತಕ ಇಡುತ್ತಾರೆ. ಎಡಗಡೆ ಬೀಗದ ಕ್ರಮ ಸಂಖ್ಯೆ. ಬಲಗಡೆ ತೆರೆಯುವ ನಂಬರು. ಮಗು ನಂಬರು ಮರೆತರೆ ಬೀಗದ ಹಿಂಭಾಗ ನೋಡಿ ಕ್ರಮ ಸಂಖ್ಯೆ ಹೇಳಿದರೆ ಸಾಕು. ಪುಸ್ತಕ ನೋಡಿ ಉತ್ತರ ಕೊಡುತ್ತಾರೆ.

ಇಲ್ಲಿ ಒಂದು ಮಾತು ಚೆನ್ನಾಗಿ ತಿಳಿಯಬೇಕು. ಕ್ರಮ ಸಂಖ್ಯೆಯನ್ನು ಕೂಡಿಸಿ ಕಳೆದು ತೆರೆಯುವ ನಂಬರು ತಿಳಿಯುವುದಲ್ಲ. ಎರಡನ್ನೂ ಜೋಡಿಸುವುದು ಆ ಪುಸ್ತಕ. ಆದ್ದರಿಂದ ಕ್ರಮ ಸಂಖ್ಯೆ ದೊಡ್ಡ ಗುಟ್ಟಲ್ಲ. ಪುಸ್ತಕವೇ ಗುಟ್ಟು. ಪುಸ್ತಕ ಯಾರ ಕೈಗೆ ಸಿಗುತ್ತದೋ ಅವರಿಗೆ ಐನೂರು ಬೀಗವೂ ಸಿಕ್ಕಿದ ಹಾಗೆ.

ಕಂಪನಿಗೂ ಇದು ಗೊತ್ತು. ಆದ್ದರಿಂದ ಯಾರೋ ಒಬ್ಬರು ಕ್ರಮ ಸಂಖ್ಯೆ ಹೇಳಿದ ಮಾತ್ರಕ್ಕೆ ಅವರು ನಂಬರು ಕೊಡುವುದಿಲ್ಲ. ಬೀಗ ನನ್ನದೇ ಅಂತ ಕೇಳಿದವರು ದಾಖಲೆ ತೋರಿಸಬೇಕು. ಇಲ್ಲದಿದ್ದರೆ ಯಾರ ಬೀಗವನ್ನು ಯಾರು ಬೇಕಾದರೂ ತೆರೆಯಬಹುದಲ್ಲ?

ನಿಮ್ಮ ಟ್ರಾಲಿ ಬ್ಯಾಗಿನ ಬೀಗ ಹಾಗಲ್ಲ. ಅದರ ನಂಬರನ್ನು ನೀವೇ ಇಡುತ್ತೀರಿ. ನೀವು ಇಟ್ಟ ನಂಬರು ಯಾವ ಕಂಪನಿಯ ಪುಸ್ತಕದಲ್ಲೂ ಇರುವುದಿಲ್ಲ. ನೀವು ಮರೆತರೆ ಕ್ರಮ ಸಂಖ್ಯೆ ಹೇಳಿ ಏನೂ ಉಪಯೋಗ ಇಲ್ಲ. ಅದಕ್ಕೆ ಬೀಗ ಕೊಳ್ಳುವಾಗಲೇ ಕೇಳಿ: "ಇದರ ನಂಬರು ಕಾರ್ಖಾನೆಯಲ್ಲಿ ಇಟ್ಟದ್ದಾ, ನಾನೇ ಇಡುವುದಾ?"

ಎಲ್ಲಾ ಬೀಗಕ್ಕೆ ಒಂದೇ ಕೈ

ಅಮೆರಿಕದ ಶಾಲೆಯ ಬೀಗದ ಹಿಂಭಾಗದಲ್ಲಿ ಕ್ರಮ ಸಂಖ್ಯೆಯ ಜೊತೆಗೆ ಒಂದು ತೂತೂ ಇರುತ್ತದೆ. ಮಾಸ್ಟರ್ ಲಾಕ್ ಕಂಪನಿಯ 1525 ಎಂಬ ಮಾದರಿ ಅಂಥದ್ದು. ಶಾಲೆಯ ಕಚೇರಿಯಲ್ಲಿ ಒಂದು ಬೀಗದ ಕೈ ಇರುತ್ತದೆ. ಆ ಒಂದೇ ಕೈಯಿಂದ ಶಾಲೆಯ ಎಲ್ಲಾ ಬೀಗ ತೆರೆಯಬಹುದು. ಪ್ರತಿ ಬೀಗಕ್ಕೂ ನಂಬರು ಬೇರೆ ಬೇರೆ. ಕೈ ಮಾತ್ರ ಒಂದೇ. ಇಂಥ ಕೈಗೆ ಮಾಸ್ಟರ್ ಕೀ ಅನ್ನುತ್ತಾರೆ. ನಾವು ಒಡೆಯನ ಕೈ ಅನ್ನೋಣ.

ಒಂದು ಮನೆಗೆ ಮುಂಬಾಗಿಲು, ಹಿಂಬಾಗಿಲು ಎರಡೂ ಇರುವುದಿಲ್ಲವೇ? ಹಾಗೆಯೇ ಈ ಬೀಗಕ್ಕೂ ಎರಡು ದಾರಿ. ಮಗು ನಂಬರು ಹಾಕಿ ಮುಂಬಾಗಿಲಿನಿಂದ ಬರುತ್ತದೆ. ಟೀಚರು ಕೈ ಹಾಕಿ ಹಿಂಬಾಗಿಲಿನಿಂದ ಬರುತ್ತಾರೆ.

ಇದರಿಂದ ಅನುಕೂಲ ಉಂಟು. ಮಗು ನಂಬರು ಮರೆತರೆ ಬೀಗ ಒಡೆಯಬೇಕಾಗಿಲ್ಲ. ಕಪಾಟಿನ ಒಳಗೆ ಅಪಾಯದ ವಸ್ತು ಉಂಟು ಅಂತ ಸಂಶಯ ಬಂದರೆ ಕೂಡಲೇ ನೋಡಬಹುದು. ದೊಡ್ಡ ಲಾಡ್ಜುಗಳಲ್ಲಿ ಕೋಣೆ ಗುಡಿಸುವವರ ಹತ್ತಿರ ಇರುವ ಕೈ ಕೂಡ ಇಂಥದ್ದೇ.

ಅಪಾಯವೂ ಉಂಟು. ಸಾಮಾನ್ಯ ಕೈ ಕಳೆದರೆ ಒಂದು ಬೀಗ ಹೋಯಿತು. ಒಡೆಯನ ಕೈ ಕಳೆದರೆ ಎಲ್ಲಾ ಬೀಗವೂ ಹೋಯಿತು. 2003ರಲ್ಲಿ ಅಮೆರಿಕದ ಕಂಪ್ಯೂಟರ್ ತಜ್ಞ ಮ್ಯಾಟ್ ಬ್ಲೇಜ್ ಇನ್ನೊಂದು ಸಂಗತಿ ಬರೆದು ತೋರಿಸಿದರು. ಅನೇಕ ಕಟ್ಟಡಗಳಲ್ಲಿ ಒಬ್ಬರಿಗೆ ಕೊಟ್ಟ ಸಾಮಾನ್ಯ ಕೈ ಮತ್ತು ಅದರ ಬೀಗ ಇದ್ದರೆ ಸಾಕು. ತಿಳಿದವರು ಅದರಿಂದಲೇ ಒಡೆಯನ ಕೈಯ ಆಕಾರ ಕಂಡುಹಿಡಿಯಬಹುದು. ಬೀಗ ಮಾಡುವವರಲ್ಲಿ ಕೆಲವರಿಗೆ ಇದು ಮೊದಲೇ ಗೊತ್ತಿತ್ತು. ಬೀಗ ಕೊಳ್ಳುವ ಜನರಿಗೆ ಗೊತ್ತಿರಲಿಲ್ಲ.

ನಿಮ್ಮ ಬ್ಯಾಗಿನ ತೂತು ಯಾಕೆ?

ಈಗ ಅಂಗಡಿಯಲ್ಲಿ ನೀವು ಕೇಳಿದ ಪ್ರಶ್ನೆಗೆ ಬರೋಣ.

ಅಮೆರಿಕದಲ್ಲಿ 2001ರ ಸೆಪ್ಟೆಂಬರ್ 11ರಂದು ವಿಮಾನಗಳನ್ನು ಅಪಹರಿಸಿ ದೊಡ್ಡ ದಾಳಿ ಮಾಡಿದರು. ಸಾವಿರಾರು ಜನ ಸತ್ತರು. ಅದೇ ವರ್ಷ ಅಲ್ಲಿನ ಸರಕಾರ ಪ್ರಯಾಣಿಕರ ರಕ್ಷಣೆಗೆ ಟಿಎಸ್‌ಎ ಎಂಬ ಇಲಾಖೆ ಮಾಡಿತು. ವಿಮಾನಕ್ಕೆ ಹಾಕುವ ಎಲ್ಲಾ ಬ್ಯಾಗುಗಳ ತಪಾಸಣೆ ಶುರುವಾಯಿತು. ಸಂಶಯ ಬಂದ ಬ್ಯಾಗಿಗೆ ಬೀಗ ಇದ್ದರೆ ಒಡೆದು ನೋಡಬೇಕಾಗುತ್ತಿತ್ತು. ಬ್ಯಾಗಿನವರು ಆಗ ಹತ್ತಿರ ಇರುವುದಿಲ್ಲ. ಬೀಗ ಹಾಳಾಗುತ್ತಿತ್ತು.

2003ರಲ್ಲಿ ಟ್ರಾವೆಲ್ ಸೆಂಟ್ರಿ ಎಂಬ ಸಂಸ್ಥೆ ಇದಕ್ಕೆ ಒಂದು ಉಪಾಯ ತಂದಿತು. ಬೇರೆ ಬೇರೆ ಕಂಪನಿಗಳು ಬೀಗ ಮಾಡಲಿ. ಆದರೆ ಒಂದು ತೂತು ಇಡಲಿ. ಆ ತೂತಿನ ಒಡೆಯನ ಕೈ ತಪಾಸಣೆಯವರ ಹತ್ತಿರ ಇರಲಿ. ಆಗ ಒಡೆಯದೆ ತೆರೆಯಬಹುದು, ಪುನಃ ಮುಚ್ಚಬಹುದು. ಇಂಥ ಬೀಗದ ಮೇಲೆ ಒಂದು ಸಣ್ಣ ಕೆಂಪು ವಜ್ರದ ಆಕಾರದ ಗುರುತು ಇರುತ್ತದೆ. 002, 007 ಎಂಬ ನಂಬರುಗಳು ಯಾವ ಕೈ ಅಂತ ತಪಾಸಣೆಯವರಿಗೆ ತಿಳಿಸಲು.

ಅಂಗಡಿಯವರು ಹೇಳಿದ್ದು ಸುಳ್ಳಲ್ಲ. ಆ ತೂತಿನ ಕೈ ಕೊಂಡವರಿಗೆ ಕೊಡುವುದೇ ಇಲ್ಲ. ನಿಮಗೆ ಸೇರಿದ್ದು ಚಕ್ರ. ತೂತು ನಿಮಗೆ ಸೇರಿದ್ದಲ್ಲ.

ಒಂದು ಫೋಟೋ ಮಾಡಿದ ಕೆಲಸ

ಮುಂದೆ ಆದದ್ದು ಕೇಳಿ. 2014ರಲ್ಲಿ ವಾಷಿಂಗ್ಟನ್ ಪೋಸ್ಟ್ ಎಂಬ ಅಮೆರಿಕದ ಪತ್ರಿಕೆ ವಿಮಾನದ ಬ್ಯಾಗುಗಳ ಬಗ್ಗೆ ಒಂದು ಲೇಖನ ಹಾಕಿತು. ಜೊತೆಗೆ ಒಂದು ಫೋಟೋ. ಆ ಫೋಟೋದಲ್ಲಿ ತಪಾಸಣೆಯವರ ಒಡೆಯನ ಕೈಗಳ ಗೊಂಚಲು ಸ್ಪಷ್ಟವಾಗಿ ಕಾಣುತ್ತಿತ್ತು. ಅದರ ಅಪಾಯ ಆಗ ಯಾರ ತಲೆಗೂ ಹೊಳೆದಿರಲಿಲ್ಲ.

ಬೀಗದ ಕೈಯ ಗುಟ್ಟು ಎಲ್ಲಿ ಉಂಟು? ಕಬ್ಬಿಣದಲ್ಲಿ ಇಲ್ಲ. ಅದರ ಹಲ್ಲುಗಳ ಆಕಾರದಲ್ಲಿ ಉಂಟು. ಆಕಾರ ಕಂಡರೆ ಇನ್ನೊಂದು ಕೈ ಮಾಡಬಹುದು. 2015ರಲ್ಲಿ ಕೆಲವರು ಆ ಆಕಾರವನ್ನು ಕಂಪ್ಯೂಟರಿನಲ್ಲಿ ಬಿಡಿಸಿ ಎಲ್ಲರಿಗೂ ಸಿಗುವ ಹಾಗೆ ಇಂಟರ್ನೆಟ್ಟಿನಲ್ಲಿ ಹಾಕಿದರು. ಪ್ಲಾಸ್ಟಿಕ್ ವಸ್ತುಗಳನ್ನು ಅಚ್ಚು ಹಾಕುವ ಯಂತ್ರದಲ್ಲಿ ಆ ಕೈ ಮಾಡಿ ಬೀಗ ತೆರೆದೂ ತೋರಿಸಿದರು.

ಒಂದು ಮನೆಯ ಕೈಯ ಗುಟ್ಟು ಹೊರಬಿದ್ದರೆ ಬೀಗ ಬದಲಿಸಬಹುದು. ಜಗತ್ತಿನಲ್ಲಿ ಆಗಲೇ ಮಾರಿದ ಅಷ್ಟೂ ಬೀಗಗಳನ್ನು ಬದಲಿಸುವುದು ಹೇಗೆ? ಆಗದ ಮಾತು. ಆ ಬೀಗಗಳು ಈಗಲೂ ಮಾರಾಟದಲ್ಲಿ ಉಂಟು.

ನಮಗೆ ಇದರಿಂದ ಎರಡು ಪಾಠ. ಮೊದಲನೆಯದು, ನಿಮ್ಮ ಮನೆಯ ಬೀಗದ ಕೈಯ ಫೋಟೋ ತೆಗೆದು ಯಾರಿಗೂ ಕಳುಹಿಸಬೇಡಿ. ಹೊಸ ಮನೆ ಒಕ್ಕಲಿನ ಸಂತೋಷದಲ್ಲಿ ಕೈ ಹಿಡಿದು ಫೋಟೋ ತೆಗೆದು ವಾಟ್ಸಾಪಿನಲ್ಲಿ ಹಾಕುವವರು ಉಂಟು. ಹಾಕಬೇಡಿ. ಎರಡನೆಯದು, ಕೆಲವು ಬೈಕುಗಳ ಜೊತೆ, ಕೆಲವು ಉಕ್ಕಿನ ಕಪಾಟುಗಳ ಕೈ ಮೇಲೆ ಒಂದು ನಂಬರು ಇರುತ್ತದೆ. ಆ ನಂಬರಿನಿಂದ ಇನ್ನೊಂದು ಕೈ ಮಾಡಿಸಲು ಆಗುತ್ತದೆ. ಆ ನಂಬರನ್ನು ನಿಮ್ಮ ಪುಸ್ತಕದಲ್ಲಿ ಬರೆದಿಡಿ. ಬೇರೆಯವರಿಗೆ ತೋರಿಸಬೇಡಿ.

ಹಾಗಾದರೆ ಈ ಬೀಗ ಬೇಡವೇ?

ಬೇಕು. ಬ್ಯಾಗು ಬಿದ್ದಾಗ ಜಿಪ್ ತೆರೆದುಹೋಗುವುದಿಲ್ಲ. ಹಾದುಹೋಗುವವರು ಸುಮ್ಮನೆ ಕೈ ಹಾಕುವುದಿಲ್ಲ. ಇಷ್ಟು ಕೆಲಸ ಅದು ಮಾಡುತ್ತದೆ. ಇದಕ್ಕಿಂತ ಹೆಚ್ಚು ಅದರಿಂದ ಎಣಿಸಬೇಡಿ. ಬೀಗ ಎಷ್ಟೇ ಗಟ್ಟಿ ಇದ್ದರೂ ಬ್ಯಾಗು ಬಟ್ಟೆಯದು, ಜಿಪ್ ಪ್ಲಾಸ್ಟಿಕ್ಕಿನದು.

ಬಂಗಾರ, ಹಣ, ಪಾಸ್‌ಪೋರ್ಟ್, ಮಕ್ಕಳ ಸರ್ಟಿಫಿಕೇಟು ಇವನ್ನು ವಿಮಾನಕ್ಕೆ ಹಾಕುವ ಬ್ಯಾಗಿನಲ್ಲಿ ಇಡಬೇಡಿ. ಕೈಯಲ್ಲಿ ಹಿಡಿಯುವ ಚೀಲದಲ್ಲಿ ಇಡಿ. ಮಂಗಳೂರಿನಲ್ಲೋ ಕಣ್ಣೂರಿನಲ್ಲೋ ತಪಾಸಣೆಯವರು ಬ್ಯಾಗು ತೆರೆಯಲು ಹೇಳಿದರೆ ನೀವೇ ಎದುರು ನಿಂತು ತೆರೆಯಿರಿ. ಮುಚ್ಚಿದ ಮೇಲೆ ಮೂರು ಚಕ್ರವನ್ನೂ ತಿರುಗಿಸಿ ಬಿಡಿ. ನಂಬರು ಹಾಗೆಯೇ ಕಾಣುತ್ತಿದ್ದರೆ ಬೀಗ ಹಾಕಿದ್ದೂ ಒಂದೇ, ಹಾಕದಿದ್ದದ್ದೂ ಒಂದೇ.

ಮನೆಯ ಕಪಾಟಿಗೆ, ಕುಟುಂಬಶ್ರೀ ಕೂಟದ ಹಣದ ಪೆಟ್ಟಿಗೆಗೆ ಇಂಥ ಪ್ರಯಾಣದ ಬೀಗ ಹಾಕಬೇಡಿ. ತೂತು ಇಲ್ಲದ, ನಾಲ್ಕು ಚಕ್ರದ ಗಟ್ಟಿ ಬೀಗ ಕೇಳಿ. ಇಲ್ಲವೇ ಒಳ್ಳೆಯ ಕೈಯ ಬೀಗವೇ ಆದೀತು. ಅಲಿಗಢದ ಬೀಗ, ದಿಂಡಿಗಲ್ಲಿನ ಬೀಗ ನಮ್ಮ ದೇಶದಲ್ಲಿ ಹೆಸರಾದವು. ದಿಂಡಿಗಲ್ ಬೀಗಕ್ಕೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಕೂಡ ಸಿಕ್ಕಿದೆ.

ನಂಬರು ಇಡುವುದು ಹೇಗೆ?

ಹೊಸ ಬೀಗ ಸಾಮಾನ್ಯವಾಗಿ 000ದಲ್ಲಿ ಇರುತ್ತದೆ. ಅದನ್ನು ಕೂಡಲೇ ಬದಲಿಸಬೇಕು. ಬದಲಿಸುವ ಕ್ರಮ ಬೀಗದಿಂದ ಬೀಗಕ್ಕೆ ಸ್ವಲ್ಪ ಬೇರೆ. ಜೊತೆಗೆ ಬಂದ ಕಾಗದ ನೋಡಿ. ಟ್ರಾಲಿ ಬ್ಯಾಗಿನ ಬೀಗಕ್ಕೆ ಹೆಚ್ಚಾಗಿ ಹೀಗೆ:

1. ಚಕ್ರಗಳನ್ನು 000ಕ್ಕೆ ತಂದು ಬೀಗ ತೆರೆಯಿರಿ.
2. ಬದಿಯಲ್ಲಿ ಒಂದು ಸಣ್ಣ ಗುಂಡಿ ಇರುತ್ತದೆ. ಪೆನ್ನಿನ ತುದಿಯಿಂದ ಅದನ್ನು ಒತ್ತಿ. ಟಿಕ್ ಅಂತ ಸದ್ದು ಬರುತ್ತದೆ.
3. ನಿಮಗೆ ಬೇಕಾದ ನಂಬರು ಹಾಕಿ. ಒಂದು ಸಲ ಓದಿ. ಇನ್ನೊಂದು ಸಲ ಓದಿ.
4. ಬೀಗ ತೆರೆಯಲು ಸರಿಸುವ ಗುಬ್ಬಿಯನ್ನು ಸರಿಸಿ. ಒತ್ತಿದ ಗುಂಡಿ ಹೊರಗೆ ಬರುತ್ತದೆ. ಹೊಸ ನಂಬರು ಕೂತಿತು.
5. ಬ್ಯಾಗು ತೆರೆದಿರುವಾಗಲೇ ಎರಡು ಸಲ ಬೀಗ ಹಾಕಿ, ತೆರೆದು ನೋಡಿ. ಸರಿ ಇದ್ದರೆ ಮಾತ್ರ ಸಾಮಾನು ತುಂಬಿ.

123, 111, 786, ಮನೆಯ ನಂಬರು, ಗಾಡಿಯ ನಂಬರು, ಹುಟ್ಟಿದ ದಿನ ಇವು ಬೇಡ. ಗುರುತಿದ್ದವರು ಮೊದಲು ಹಾಕಿ ನೋಡುವುದು ಇವನ್ನೇ. ಎಟಿಎಂ ಪಿನ್ನಿನ ಅಂಕೆಯನ್ನೂ ಇಲ್ಲಿ ಇಡಬೇಡಿ.

ಮರೆತರೆ ಏನು ಮಾಡಬೇಕು? ಮೊದಲು 000 ಹಾಕಿ ನೋಡಿ. ನಂಬರು ಕೂತಿರದೆ ಹಳೆಯದೇ ಉಳಿದಿರಬಹುದು. ಆಮೇಲೆ ನಿಮ್ಮ ನಂಬರಿನ ಹತ್ತಿರದ ಅಂಕೆಗಳನ್ನು ಹಾಕಿ. ಅದೂ ಆಗದಿದ್ದರೆ 000, 001, 002 ಅಂತ ಸಾಲಾಗಿ ಹೋಗಿ. ಲೆಕ್ಕ ಆಗಲೇ ಮಾಡಿದ್ದೇವೆ. ಹೆಚ್ಚೆಂದರೆ 50 ನಿಮಿಷ. ಬೀಗ ಒಡೆಯುವ ಮೊದಲು ತಾಳ್ಮೆಯಿಂದ ಕೂರಿ.

ನಿಮ್ಮ ನಂಬರನ್ನು ಯಾರು ಓದುತ್ತಾರೆ?

ಒಬ್ಬ ತಾಯಿಯ ಬಗ್ಗೆ ಯೋಚಿಸಿ. ಮಗ ದುಬೈಯಿಂದ ಬ್ಯಾಗು ಕಳುಹಿಸಿದ್ದಾನೆ. ಫೋನಿನಲ್ಲಿ ನಂಬರು ಹೇಳಿದ್ದಾನೆ. ತಾಯಿಗೆ ಅಂಕೆ ಓದಲು ಬರುವುದಿಲ್ಲ. ಪಕ್ಕದ ಮನೆಯ ಹುಡುಗನನ್ನು ಕರೆಯುತ್ತಾರೆ. "ಮಗಾ, ಸ್ವಲ್ಪ ತೆರೆದುಕೊಡು" ಅನ್ನುತ್ತಾರೆ. ಹುಡುಗ ಒಳ್ಳೆಯವನೇ. ತೆರೆದುಕೊಡುತ್ತಾನೆ. ಆದರೆ ಆ ದಿನದಿಂದ ಆ ನಂಬರು ಅವನಿಗೂ ಗೊತ್ತು. ಅವನ ಜೊತೆ ನಿಂತವರಿಗೂ ಗೊತ್ತು.

ಅವರಲ್ಲಿ ಯಾರೂ ಕಳ್ಳರಲ್ಲದಿರಬಹುದು. ಆದರೂ ಆ ಬ್ಯಾಗಿನಲ್ಲಿ ಏನು ಬಂತು, ಎಷ್ಟು ಬಂತು ಎಂಬುದು ಇನ್ನು ತಾಯಿಯ ಗುಟ್ಟಲ್ಲ. ನಾಳೆ ಏನಾದರೂ ಕಾಣೆಯಾದರೆ ಪಾಪ, ಆ ಹುಡುಗನ ಮೇಲೆಯೇ ಸಂಶಯ ಬರುತ್ತದೆ. ತಪ್ಪು ಮಾಡದವನೂ ಅಪವಾದ ಹೊರಬೇಕಾಗುತ್ತದೆ.

ಶಾಲೆಯ ದಾಖಲೆ ಪುಸ್ತಕ, ತಪಾಸಣೆಯವರ ಒಡೆಯನ ಕೈ, ನಂಬರು ಓದಿಕೊಡುವ ಹುಡುಗ, ಈ ಮೂರೂ ಒಂದೇ ಜಾತಿ. ನಿಮ್ಮ ಬೀಗ ತೆರೆಯುವ ಇನ್ನೊಂದು ದಾರಿ ಅದು. ಕೆಲವು ಸಲ ಅದು ಬೇಕಾಗುತ್ತದೆ. ಆದರೆ ಎಷ್ಟು ದಾರಿ ಉಂಟು, ಯಾರ ಹತ್ತಿರ ಉಂಟು ಅಂತ ನಿಮಗೆ ಗೊತ್ತಿರಬೇಕು.

ಬ್ಯಾಂಕಿನ ವಿಷಯವೂ ಹಾಗೆಯೇ. ನಿಮ್ಮ ಎಟಿಎಂ ಪಿನ್, ಫೋನಿಗೆ ಬರುವ ಒಟಿಪಿ ಬ್ಯಾಂಕಿನವರಿಗೆ ಬೇಕಾಗಿಲ್ಲ. ಅವರು ಕೇಳುವುದೂ ಇಲ್ಲ. "ಬ್ಯಾಂಕಿನಿಂದ ಮಾತಾಡುತ್ತೇವೆ, ನಂಬರು ಹೇಳಿ" ಅಂತ ಯಾರಾದರೂ ಕೇಳಿದರೆ ಫೋನು ಇಡಿ.

ನೀವು ಈಗ ಸೊನ್ನೆಯಿಂದ ಒಂಬತ್ತರವರೆಗೆ ಓದುತ್ತೀರಿ. ಬರೆಯುತ್ತೀರಿ. ಇವತ್ತು ಮನೆಗೆ ಹೋಗಿ ಅಟ್ಟದ ಮೇಲಿನ ಬ್ಯಾಗು ಇಳಿಸಿ. ಅದರ ನಂಬರು ಯಾರಿಗೆಲ್ಲ ಗೊತ್ತು ಅಂತ ಲೆಕ್ಕ ಹಾಕಿ. ಆಮೇಲೆ ನೀವೇ ಕೂತು ಹೊಸ ನಂಬರು ಇಡಿ. ಮನೆಯಲ್ಲಿ ನಂಬುವ ಒಬ್ಬರಿಗೆ ಮಾತ್ರ ಹೇಳಿ.

ನೆನಪಿಡಿ

• ತೆರೆಯುವ ನಂಬರು ಗುಟ್ಟು. ಬ್ಯಾಗಿನ ಮೇಲೆ ಬರೆಯಬೇಡಿ.
• ಕ್ರಮ ಸಂಖ್ಯೆ ಬೀಗದ ಗುರುತು. ಬಿಲ್ಲಿನ ಜೊತೆ ಬರೆದಿಡಿ.
• ತೂತಿನ ಹತ್ತಿರದ 002, 007 ಚಕ್ರದಲ್ಲಿ ಹಾಕುವ ನಂಬರು ಅಲ್ಲ.
• ಬೀಗದ ಕೈಯ ಫೋಟೋ ಯಾರಿಗೂ ಕಳುಹಿಸಬೇಡಿ.
• ಬೀಗ ಹಾಕಿದ ಮೇಲೆ ಎಲ್ಲಾ ಚಕ್ರ ತಿರುಗಿಸಿ.

ಪದಗಳ ಅರ್ಥ

ಕೊಂಡಿ - ಬೀಗದ ಬಾಗಿದ ಕಂಬಿ
ಕಚ್ಚು - ಸ್ವಲ್ಪ ಕೊರೆದ ಜಾಗ
ಕ್ರಮ ಸಂಖ್ಯೆ - ಒಂದೊಂದು ವಸ್ತುವಿಗೆ ಕೊಟ್ಟ ಗುರುತಿನ ನಂಬರು
ದಾಖಲೆ - ಬರೆದಿಟ್ಟ ವಿವರ
ತಪಾಸಣೆ - ಪರೀಕ್ಷಿಸಿ ನೋಡುವುದು
ಅಪವಾದ - ಮಾಡದ ತಪ್ಪನ್ನು ಮೇಲೆ ಹೊರಿಸುವುದು

ಅಭ್ಯಾಸ

1. ಮೂರು ಚಕ್ರದ ಬೀಗದಲ್ಲಿ ಎಷ್ಟು ನಂಬರು ಮಾಡಬಹುದು? ನಾಲ್ಕು ಚಕ್ರದಲ್ಲಿ ಎಷ್ಟು?
2. ಬಿಟ್ಟ ಸ್ಥಳ ತುಂಬಿ: ಎಲ್ಲಾ ಬೀಗ ತೆರೆಯುವ ಒಂದೇ ಕೈಗೆ ______ ಕೈ ಅನ್ನುತ್ತೇವೆ.
3. ಕನ್ನಡ ಅಂಕೆಯಲ್ಲಿ ಬರೆಯಿರಿ: 407, 965, 2015.
4. ನೀವೇ ನಂಬರು ಇಟ್ಟ ಬೀಗಕ್ಕೆ ಕ್ರಮ ಸಂಖ್ಯೆಯಿಂದ ಯಾಕೆ ಸಹಾಯ ಆಗುವುದಿಲ್ಲ?
5. ನಿಮ್ಮ ಮನೆಯಲ್ಲಿ ಎಷ್ಟು ಬೀಗ ಉಂಟು? ಒಂದೊಂದರ ಕೈ ಯಾರ ಹತ್ತಿರ ಉಂಟು? ಪಟ್ಟಿ ಮಾಡಿ. ತರಗತಿಗೆ ತರಬೇಡಿ, ಮನೆಯಲ್ಲೇ ಇಟ್ಟುಕೊಳ್ಳಿ.